ಹತ್ತು ಲೀಟರ್ ಡಬ್ಬಕ್ಕೆ ಹುಡುಕಿದ ಕಾರ್ಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಹುಳುಮನೆಯ ಸ್ಟ್ಯಾಂಡಿನಲ್ಲಿ ಎರಡು ಅಂತಸ್ತಿನ ರೇಷ್ಮೆ ಹುಳ ಹಸಿರು ಕಕ್ಕಿಕೊಂಡು ಸತ್ತದ್ದು ನನ್ನ ಕೈಯಿಂದ. ಕೈಯಿಂದ ಅನ್ನುವುದು ಮಾತಿಗೆ ಹೇಳುವ ಮಾತಲ್ಲ. ಇದೇ ಬಲಗೈ, ಇದರ ಐದು ಉಗುರಿನ ಸಂದಿ. ಅದಕ್ಕಾಗಿ ಅಪ್ಪ ಒಂದು ಇಡೀ ಹಗಲು ಕಳ್ಳನ ಹಾಗೆ ನಿಂತಿದ್ದರು, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಮೂಗು ಮುಚ್ಚಿಕೊಂಡು ಓದುವವರು ಓದಬಹುದು. ಬರೆಯುವವನೂ ಹಾಗೇ ಬರೆಯುತ್ತಿದ್ದಾನೆ.

ನನ್ನ ಕಸುಬು ಎರಡು. ಒಂದು, ಊರವರ ಗಂಟಲು ಕದಿಯುವುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮುಖ ಸಿಂಡರಿಸುವ ವ್ಯಾಪಾರಿ, ಚಿಲ್ಲರೆ ಕೇಳಿದರೆ ದೇವರ ಕಡೆ ನೋಡುವ ಕಂಡಕ್ಟರು, ಹಾಲಿನ ಡೈರಿಯಲ್ಲಿ ಸದಾ ಕೆಮ್ಮುವ ಹಿರಿಯರು, ಇವರನ್ನೆಲ್ಲ ಅಣಕಿಸಿ, ಫೋನಿನ ಮುಂದೆ ಕುಣಿದು ವಿಡಿಯೊ ಮಾಡುತ್ತೇನೆ. ನೋಡಿದವರು ಬೇರೆಯವರ ಪಾಲಿನದಕ್ಕೆ ನಗುತ್ತಾರೆ, ತಮ್ಮದು ಬಂದರೆ ಜಗಳಕ್ಕೆ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಎರಡನೆಯದು ಎಡಿಟಿಂಗ್. ನಗರಗೆರೆ ಕಡೆಯ ನನ್ನ ಗೆಳೆಯನೊಬ್ಬ ಗೌರಿಬಿದನೂರಿನ ಸುತ್ತ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಹಿಡಿಯುತ್ತಾನೆ. ಈಗಿನ ಜನಕ್ಕೆ ಆಲ್ಬಮ್ಮಿಗೆ ಕಾಯುವ ತಾಳ್ಮೆ ಇಲ್ಲ. ಊಟದ ಎಲೆ ಮಡಿಸುವುದರೊಳಗೆ ತಾಳಿ ಕಟ್ಟಿದ್ದು ತಮ್ಮ ಫೋನಿನಲ್ಲಿ ಬಂದಿರಬೇಕು. ಆದ್ದರಿಂದ ಛತ್ರದ ಸ್ಟೋರ್ ರೂಮಿನಲ್ಲಿ, ಕುಂಬಳಕಾಯಿಗಳ ನಡುವೆ ಕೂತು ಎಡಿಟ್ ಮಾಡಲು ಹೊತ್ತೊಯ್ಯುವಂಥ ಒಂದು ಪುಟ್ಟ ಕಂಪ್ಯೂಟರ್ ಬೇಕಾಯಿತು.

ಹೀಗೆಂದು ಮನೆಯಲ್ಲಿ ಹೇಳಿದೆ. ಅದು ಅರ್ಧ ಸತ್ಯ. ಎಡಿಟಿಂಗಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕಿತ್ತು. ಉಳಿದರ್ಧ ಸತ್ಯವೆಂದರೆ, ಇಪ್ಪತ್ನಾಲ್ಕು ವರ್ಷದ ಈ ಕತ್ತೆಗೆ ಗೇಮ್ ಆಡಬೇಕಿತ್ತು, ಅದೂ ಎಲೆಯ ಮೇಲಿನ ಇಬ್ಬನಿ ಕೂಡ ಕಾಣುವಷ್ಟು ಚೆನ್ನಾಗಿ. ಮನೆ ಸುತ್ತ ಎರಡು ಎಕರೆ ಹಿಪ್ಪುನೇರಳೆ ತೋಟದಲ್ಲಿ ಬೆಳಿಗ್ಗೆ ಬೇಕಾದಷ್ಟು ಇಬ್ಬನಿ ಪುಕ್ಕಟೆ ಸಿಗುತ್ತದೆ, ಅದು ಬೇರೆ ಮಾತು.

ಸಣ್ಣ ಕಂಪ್ಯೂಟರಿನ ಪೆಟ್ಟಿಗೆಗಳನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಾನು ಆರಿಸಿದ್ದು ಹತ್ತು ಲೀಟರಿನದು. ಅಮ್ಮನಿಗೆ ಹೇಳಿದಾಗ ಅವಳು ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಕೈ ನಿಲ್ಲಿಸದೆ, "ಹತ್ತು ಲೀಟರ್ ಅಂದ್ರೆ ನಮ್ ಸೀಮೆಹಸು ಎರಡು ಹೊತ್ತಿಗೆ ಕೊಡುತ್ತೆ. ನಿನ್ನ ಡಬ್ಬ ಏನು ಕೊಡುತ್ತೆ?" ಅಂದಳು.

ಮೂರು ತಿಂಗಳು ಬಿಡಿಭಾಗಗಳನ್ನು ಆರಿಸುವುದರಲ್ಲೇ ಕಳೆದೆ. ಆ ಮೂರು ತಿಂಗಳು ನೆನೆದರೆ ಈಗಲೂ ಓಕರಿಕೆ ಬರುತ್ತದೆ. ಒಬ್ಬ ಮಹಾನುಭಾವ ವಿಡಿಯೊದಲ್ಲಿ ಪ್ರೊಸೆಸರನ್ನು ಬೆರಳ ತುದಿಯಲ್ಲಿ ಹಿಡಿದು, "ಗೆಳೆಯರೇ, ಇದನ್ನು ತಗೊಂಡ್ರೆ ಜೀವನ ಪರ್ಯಂತ ಚಿಂತೆ ಇಲ್ಲ," ಎನ್ನುತ್ತಾನೆ. ಮುಂದಿನ ವಾರ ಅವನೇ, ಅದೇ ಅಂಗಿ ಹಾಕಿಕೊಂಡು, "ಗೆಳೆಯರೇ, ಅದನ್ನು ತಗೊಂಡವರಿಗೆ ನನ್ನ ಸಂತಾಪ," ಎನ್ನುತ್ತಾನೆ. ಕೆಳಗೆ ಕಾಮೆಂಟು ಹಾಕುವವರ ಬಾಯಲ್ಲಿ ಒಂದೇ ಪದ: ಕಸ. ನೀನು ತಗೊಂಡ ಮೆಮೊರಿ ಕಸ, ಫ್ಯಾನು ಕಸ, ನಿನ್ನ ಆಯ್ಕೆ ಕಸ. ಯಾರಿಗೂ ಮುಖವಿಲ್ಲ, ಎಲ್ಲರಿಗೂ ಮೂಗಿದೆ. ನಾನೂ ಎರಡು ಕಡೆ ಯಾರಿಗೋ ಕಸ ಎಂದು ಬರೆದು ಬಂದೆ. ಬರೆದಾಗ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ಆಮೇಲೆ ನನ್ನ ಮೇಲೇ ಅಸಹ್ಯವಾಯಿತು.

ಸಣ್ಣ ಪೆಟ್ಟಿಗೆಯ ಕಷ್ಟ ಏನೆಂದರೆ, ಒಂದನ್ನು ಆರಿಸಿದರೆ ಮತ್ತೊಂದು ಮುನಿಸಿಕೊಳ್ಳುತ್ತದೆ. ಬೋರ್ಡು ಅಂಗೈಯಗಲದ್ದೇ ಆಗಬೇಕು. ಪ್ರೊಸೆಸರ್ ಹೆಚ್ಚು ಬಿಸಿಯಾಗುವ ಜಾತಿಯದಾಗಬಾರದು, ಯಾಕೆಂದರೆ ಅದರ ಮೇಲೆ ಕೂರುವ ಫ್ಯಾನಿಗೆ ತಲೆ ಎತ್ತಲು ನಾಲ್ಕು ಬೆರಳೂ ಜಾಗವಿಲ್ಲ. ಕರೆಂಟು ಕೊಡುವ ಪವರ್ ಸಪ್ಲೈ ಸಣ್ಣದಾಗಬೇಕು, ಆದರೆ ಸೊರಗಬಾರದು. ಕೊನೆಯದು ಗ್ರಾಫಿಕ್ಸ್ ಕಾರ್ಡು, ಆಟದ ಚಿತ್ರವನ್ನೂ ಎಡಿಟಿಂಗಿನ ಭಾರವನ್ನೂ ಹೊರುವ ಎತ್ತು. ಅದು ಇಪ್ಪತ್ತು ಸೆಂಟಿಮೀಟರಿಗಿಂತ ಒಂದು ನೂಲು ಉದ್ದವಾದರೂ ಮುಚ್ಚಳ ಮುಚ್ಚುವುದಿಲ್ಲ. ಒಳ್ಳೆಯ ಕಾರ್ಡುಗಳೆಲ್ಲ ಮೊಳದುದ್ದ. ಗಿಡ್ಡನೆಯ ಹೊಸ ಕಾರ್ಡು ನನ್ನ ಕೈಗೆ ಎಟುಕುವಂಥದ್ದಲ್ಲ.

ಗೆಳೆಯನಿಗೆ ಫೋನ್ ಮಾಡಿದೆ.

"ದೊಡ್ಡ ಡಬ್ಬ ತಗೊಳೋ, ಯಾವ ಕಾರ್ಡ್ ಬೇಕಾದ್ರೂ ಕೂರುತ್ತೆ," ಎಂದ.

"ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬರೋನು ನೀನಾ?"

"ಅದಕ್ಕೂ ಒಂದು ಟಿಕೆಟ್ ತಗೊ. ಕಿಟಕಿ ಪಕ್ಕ ಕೂರ್ಸು, ಗಾಳಿ ಆಡುತ್ತೆ."

ಆಮೇಲೆ ಅವನೇ ಹುಡುಕಿ ಹೇಳಿದ, ಚಿಂತಾಮಣಿಯಲ್ಲಿ ಒಂದು ಗೇಮಿಂಗ್ ಪಾರ್ಲರ್ ಮುಚ್ಚುತ್ತಿದೆ, ಅಲ್ಲಿ ಹಳೆಯ ಗಿಡ್ಡ ಕಾರ್ಡು ಇದೆ ಎಂದು.

ಪಾರ್ಲರು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಬಾಗಿಲು ತೆಗೆದೊಡನೆ ಒಳಗಿನ ಗಾಳಿ ಬಂದು ಮುಖಕ್ಕೆ ಒದ್ದೆ ಚಾದರದ ಹಾಗೆ ಬಡಿಯಿತು. ಎಷ್ಟೋ ವರ್ಷದ ಸಿಗರೇಟಿನ ಹೊಗೆ ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ಸಂಸಾರ ಹೂಡಿತ್ತು. ಟೀ ಲೋಟಗಳಲ್ಲಿ ಬೂದಿ, ಕೀಬೋರ್ಡಿನ ಸಂದಿಯಲ್ಲಿ ಬೂದಿ, ಒಂದು ಕಾಲದಲ್ಲಿ ಬಿಳಿಯಾಗಿದ್ದಿರಬಹುದಾದ ಗೋಡೆಯ ಮೇಲೆ ಬೆವರಿನಂಥ ಹಳದಿ. ಓನರು ಕನ್ನಡ ತೆಲುಗು ಎರಡನ್ನೂ ಒಂದೇ ತಟ್ಟೆಗೆ ಬಡಿಸುವ ಮನುಷ್ಯ.

"ರಾ ತಮ್ಮುಡೂ, ನಿಂಗೋಸ್ಕರನೇ ಎತ್ತಿಟ್ಟಿದ್ದೀನಿ. ಒಂದು ದಿನಾನೂ ಬಿಸಿ ಆಗಿಲ್ಲ. ಏಸಿ ರೂಮಲ್ಲೇ ಬೆಳೆದಿದ್ದು. ಚಂಟಿಬಿಡ್ಡ ಥರ ನೋಡ್ಕೊಂಡಿದ್ದೀನಿ."

ಚಂಟಿಬಿಡ್ಡ ಎಂದರೆ ಕೈಗೂಸು. ಕೈಗೂಸನ್ನು ಮುಟ್ಟಿದೆ. ಬೆರಳು ಅಂಟಿಕೊಂಡಿತು.

"ಯಾಕಣ್ಣ, ಅಂಟಂಟಾಗಿದೆ?"

"ಅದು ಗ್ರಿಪ್ಪು ತಮ್ಮುಡು."

ನಾನು ಜೇಬಿನಿಂದ ಟೇಪು ತೆಗೆದು ಅಳೆದೆ. ಹತ್ತೊಂಬತ್ತೂವರೆ ಸೆಂಟಿಮೀಟರು. ಅಲ್ಲಿಗೆ ನನ್ನ ಬುದ್ಧಿ ಕೆಲಸ ನಿಲ್ಲಿಸಿತು. ಎತ್ತು ನೋಡಲು ಹೋಗಿ ಕೊಂಬು ಮಾತ್ರ ಅಳೆದು ಹಗ್ಗ ಹಿಡಿದುಕೊಂಡು ಬಂದವನ ಹಾಗೆ, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನುದ್ದಕ್ಕೂ ಆ ಓನರಿನ ದನಿ ಅಭ್ಯಾಸ ಮಾಡುತ್ತ ಬಂದೆ, ಅದು ಗ್ರಿಪ್ಪು ತಮ್ಮುಡು, ಅದು ಗ್ರಿಪ್ಪು ತಮ್ಮುಡು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎದ್ದು ಹಿಂದಿನ ಸೀಟಿಗೆ ಹೋದರು.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ಆಗುವುದಿಲ್ಲ. ಬೀಡಿ ಸೇದಿದ ಕೈಯಿಂದ ಸೊಪ್ಪು ಹಾಕಿದರೂ ಸಾಕು, ಹುಳ ತಲೆ ಎತ್ತಿ ತೂಗುತ್ತದೆ, ಕಕ್ಕುತ್ತದೆ, ಸಾಯುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಅಪ್ಪ ಮೊದಲು ಬೀಡಿ ಸೇದುತ್ತಿದ್ದರು. ಸೇದಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ ಹುಳುಮನೆಗೆ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ದಿನ ಕಟ್ಟನ್ನು ಒಲೆಗೆ ಹಾಕಿ, "ಇನ್ನು ಇಲ್ಲ," ಎಂದರು. ಬೀಡಿಯ ಜೊತೆಗೆ ಟೀ ಅಂಗಡಿಯ ಬೆಂಚನ್ನೂ, ಆ ಬೆಂಚಿನ ಗೆಳೆಯರನ್ನೂ ಬಿಟ್ಟರು. ಅವತ್ತಿನಿಂದ ಅವರ ಜೇಬಿನಲ್ಲಿ ಸೋಂಪಿನ ಪೊಟ್ಟಣ. ಮಾತು ಕಡಿಮೆಯ ಮನುಷ್ಯ ನಮ್ಮಪ್ಪ, ಆಡಿದ ಮಾತು ಅವರಿಗೆ ಒಂದು ಆಸ್ತಿ ಇದ್ದ ಹಾಗೆ.

ಆ ವಾರ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಮುಗಿಸಿದ ಹುಳದ ಹಸಿವೆಗೆ ಲೆಕ್ಕವಿಲ್ಲ, ಹುಳುಮನೆಯೊಳಗೆ ನಿಂತರೆ ಅವು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳಿಸುತ್ತದೆ. ಅಂಥ ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾರ್ಡನ್ನು ಬಿಚ್ಚಿದೆ.

ಬಿಚ್ಚಬಾರದಿತ್ತು. ಫ್ಯಾನಿನ ರೆಕ್ಕೆಗಳ ಮೇಲೆ ಕಂದು ಜಿಡ್ಡು, ಬೆಲ್ಲದ ಪಾಕ ಹಳಸಿದ ಹಾಗೆ. ಅಲ್ಯೂಮಿನಿಯಮ್ ಹಲ್ಲುಗಳ ಸಂದಿಯಲ್ಲಿ ಯಾರದೋ ಕೂದಲು, ಜಿರಲೆಯ ಒಂದು ಕಾಲು, ಬೂದಿ, ಎಲ್ಲವೂ ಆ ಜಿಡ್ಡಿನಲ್ಲಿ ಉಪ್ಪಿನಕಾಯಿ ಹಾಕಿದಂತೆ ನೆನೆದು ಕೂತಿದ್ದವು. ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಸುರಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಡಿಕಾಕ್ಷನ್ನಿನಂಥ ನೀರು ಇಳಿಯಿತು. ಬ್ರಷ್ಷು ಹೋಗದ ಕಡೆ ಉಗುರು ಹಾಕಿ ಕೆರೆದೆ. ಎರಡು ಸಲ ವಾಕರಿಕೆ ಬಂತು. ಆದರೂ ಕೆರೆದೆ, ಯಾಕೆಂದರೆ ಒಳಗೆ ಮೇಜಿನ ಮೇಲೆ ಹತ್ತು ಲೀಟರಿನ ಡಬ್ಬ ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ಅಷ್ಟರಲ್ಲಿ ಅಮ್ಮ ಕೂಗಿದಳು. "ಸೊಪ್ಪಿಗೆ ಬಾರಪ್ಪ, ಹುಳ ಬಾಯಿ ಬಿಡ್ತಾ ಇವೆ."

ಹುಳುಮನೆಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಬೇಕು. ನಾನು ಕೊಳಾಯಿಯ ಕೆಳಗೆ ಕೈಯನ್ನು ಹೀಗೆ ಹಾಗೆ ಆಡಿಸಿ, ಚಡ್ಡಿಗೆ ಒರೆಸಿಕೊಂಡು ಹೋದೆ. ಅಪ್ಪ ತೋಟದಿಂದ ಸೊಪ್ಪಿನ ಹೊರೆ ತಂದಿಳಿಸಿದರು. ಬಾಗಿಲ ಬಳಿಯ ಎರಡು ಅಂತಸ್ತಿಗೆ ಅದನ್ನು ನಾನು ಹರಡಿದೆ, ಉಳಿದವಕ್ಕೆ ಅಮ್ಮ ತಾನು ಕೊಯ್ದು ತಂದಿದ್ದ ಸೊಪ್ಪು ಹರಡಿದಳು. ಅಮ್ಮನ ಬೆನ್ನು ನನ್ನ ಕಡೆಗಿತ್ತು, ಅವಳು ನನ್ನ ಕೈ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹುಳುಮನೆಯಿಂದ ಅಮ್ಮ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು. ಒಳಗೆ ಹೋಗಿ ನೋಡಿದೆ. ಬಾಗಿಲ ಬಳಿಯ ಎರಡು ಅಂತಸ್ತಿನಲ್ಲಿ ಮೇಯುವ ಸದ್ದಿಲ್ಲ. ಹುಳಗಳು ಎದೆ ಎತ್ತಿಕೊಂಡು ಕುಡಿದವರ ಹಾಗೆ ತೂಗುತ್ತಿದ್ದವು. ಬಾಯಿಂದ ಹಸಿರು ಕಂದು ರಸ ಸುರಿದು ಸೊಪ್ಪೆಲ್ಲ ಅಂಟಾಗಿತ್ತು. ಕೆಲವು ಆಗಲೇ ಮೆತ್ತಗಾಗಿ ಕಡ್ಡಿಯಿಂದ ಜೋತುಬಿದ್ದಿದ್ದವು. ಉಳಿದ ಅಂತಸ್ತುಗಳು ಚೆನ್ನಾಗಿದ್ದವು.

ಅಮ್ಮ ಅಪ್ಪನನ್ನು ಕರೆದಳು.

"ಇದು ಹೊಗೆಸೊಪ್ಪು ಕಣ್ರೀ. ಪಕ್ಕದವರು ಟೊಮೇಟೊಗೆ ಔಷಧಿ ಹೊಡೆದಿದ್ರೆ ಎಲ್ಲಾನೂ ಹೋಗ್ತಿತ್ತು. ಎರಡೇ ಹೋಗಿರೋದು. ನೀವು ತಂದ ಹೊರೆ ಅಲ್ಲಿಗೆ ಬಿದ್ದಿದ್ದು."

"ನಾನು ಬಿಟ್ಟು ನಾಕು ವರ್ಷ ಆಯ್ತಲ್ಲೇ."

"ಇವನಿಗೆ ಆ ಚಟ ಇಲ್ಲ. ನಂಗೆ ಇಲ್ಲ. ಹಸು ಸೇದುತ್ತಾ? ಬಾಯಿ ತೆಗೀರಿ."

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ, ಐವತ್ತಾರು ವರ್ಷದ ಮನುಷ್ಯ, ಅಂಗಳದ ನಡುವೆ ನಿಂತು ಬಾಯಿ ತೆರೆದರು. ಅಮ್ಮ ತುದಿಗಾಲಿನಲ್ಲಿ ನಿಂತು ಮೂಸಿದಳು.

"ಸೋಂಪು," ಎಂದಳು. "ಯಾಕೆ ತಿಂದ್ರಿ?"

"ಬೀಡಿ ಬಿಟ್ಟಿದ್ದಕ್ಕೆ ತಿಂತೀನಿ."

"ಬೀಡಿ ಸೇದಿದ್ದಕ್ಕೂ ಸೋಂಪೇ ತಿನ್ನೋದು. ಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ನೀವು ಒಳಗೆ ಬರ್ಬೇಡಿ. ಹೊರೆ ಬಾಗಿಲಲ್ಲಿ ಇಡಿ, ಸಾಕು."

ನಾನೇನು ಮಾಡುತ್ತಿದ್ದೆ? ನಗುತ್ತಿದ್ದೆ. ಆ ತೆರೆದ ಬಾಯಿ, ಆಕಾಶ ನೋಡುವ ಕಣ್ಣು, ಎಲ್ಲ ನನಗೆ ಅಣಕದ ಸಾಮಾನು. ಮನೆಯ ಹಿಂದೆ ಹೋಗಿ ಅಪ್ಪನ ದನಿಯಲ್ಲಿ 'ನಾನು ಬಿಟ್ಟು ನಾಕು ವರ್ಷ ಆಯ್ತಲ್ಲೇ' ಎಂದು ರೆಕಾರ್ಡ್ ಮಾಡಿ ಗೆಳೆಯನಿಗೆ ಕಳಿಸಿದೆ. ಆ ಕೊನೆಯ 'ಲ್ಲೇ'ಯಲ್ಲಿ ಅಪ್ಪನ ಗಂಟಲು ಸ್ವಲ್ಪ ಒಡೆದಿತ್ತು. ಅದನ್ನೂ ಬಿಡದೆ ತಂದಿದ್ದೆ. ಗೆಳೆಯ ಆರು ನಗುವ ಮುಖ ಕಳಿಸಿದ.

ಮಧ್ಯಾಹ್ನ ಊಟಕ್ಕೆ ಕೂತೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ತಂದಾಗ ಬೆರಳು ಮೂಗಿನ ಹತ್ತಿರ ಬಂತು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಕಪ್ಪು ಕಾಗದದ ಕಿಟಕಿ. ಇನ್ನೊಮ್ಮೆ ಮೂಸಿದೆ. ಉಗುರಿನ ಕೆಳಗೆ ಐದೂ ಬೆರಳಿನಲ್ಲಿ ಕಂದು ಗೆರೆ. ತುತ್ತನ್ನು ತಟ್ಟೆಗೇ ವಾಪಸ್ ಹಾಕಿದೆ.

"ಯಾಕೋ, ಮುದ್ದೆ ಗಂಟಾಗಿದ್ಯಾ?" ಎಂದಳು ಅಮ್ಮ.

"ಇಲ್ಲಮ್ಮ, ಚೆನ್ನಾಗಿದೆ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯ ವಿಷಯವೆಂದರೆ, ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಅಪ್ಪನಲ್ಲ, ಕಾರ್ಡು. ಹೇಳಿದರೆ ಅದು ಮನೆಯೊಳಗೆ ಇರುವುದಿಲ್ಲ. ಅದಿಲ್ಲದಿದ್ದರೆ ಅಷ್ಟು ಅಳೆದು ಸುರಿದು ಜೋಡಿಸಿದ ಡಬ್ಬದಲ್ಲಿ ಇಬ್ಬನಿ ಕಾಣುವುದಿಲ್ಲ. ಕೈಗೆ ಮೂರು ಸಲ ಸೋಪು ಹಾಕಿ ತೊಳೆದು, ಏನೂ ಗೊತ್ತಿಲ್ಲದವನ ಮುಖ ಹಾಕಿಕೊಂಡೆ. ಇಷ್ಟು ಜನರ ಮುಖ ಹಾಕಿಕೊಳ್ಳುವವನಿಗೆ ಅದೇನು ಮಹಾ.

ಸಂಜೆ ಸೊಪ್ಪಿನ ಹೊತ್ತಿಗೆ ಅಪ್ಪ ಹೊರೆ ಹೊತ್ತುಕೊಂಡು ಬಂದರು. ಹೊಸ್ತಿಲಿಗೆ ಎರಡು ಮಾರು ದೂರದಲ್ಲೇ ನಿಂತರು. ಬಾಯಿಗೆ ಟವಲು ಸುತ್ತಿಕೊಂಡಿದ್ದರು. ಯಾರೂ ಸುತ್ತಿಕೋ ಎಂದಿರಲಿಲ್ಲ. ತಾವು ಮಾಡದ್ದನ್ನು ತಾವೇ ನಂಬಲು ಶುರುಮಾಡಿದವರ ಹಾಗೆ, ಉಸಿರನ್ನೂ ಆ ಕಡೆ ತಿರುಗಿಸಿ ಬಿಡುತ್ತಿದ್ದರು. ಅದನ್ನು ಅಣಕಿಸಲು ನನ್ನ ಮೈಯಲ್ಲಿ ಯಾವ ನರವೂ ಏಳಲಿಲ್ಲ.

"ಅಮ್ಮ, ಅದು ನಾನು," ಎಂದೆ.

ಪೂರ್ತಿ ಹೇಳಿದೆ. ಪಾರ್ಲರು, ಜಿಡ್ಡು, ಉಗುರು, ಕೊಳಾಯಿ. ಅಮ್ಮ ಬೈಯಲಿಲ್ಲ. ನನ್ನ ಕೈ ಎಳೆದುಕೊಂಡು ಒಂದೊಂದೇ ಬೆರಳು ಮೂಸಿದಳು. ಮೂರು ಸೋಪು ದಾಟಿಯೂ ಅವಳ ಮೂಗಿಗೆ ಅದು ಸಿಕ್ಕಿತು. "ಆ ಎರಡು ಅಂತಸ್ತು ನೀನೇ ಬಾಚು. ಮೊರ ಮುಟ್ಬೇಡ, ಪೊರಕೆ ಮುಟ್ಬೇಡ. ಆ ಕೈಯಲ್ಲೇ ಬಾಚು," ಎಂದಳು. ಅಪ್ಪನ ಕಡೆ ತಿರುಗಿ ತಪ್ಪಾಯಿತು ಎನ್ನಲಿಲ್ಲ, ನಮ್ಮ ಮನೆಯಲ್ಲಿ ಆ ಪದ ಚಲಾವಣೆಯಲ್ಲಿಲ್ಲ. "ಒಳಗೆ ಬನ್ನಿ, ಆ ಕಡೆ ಅಂತಸ್ತಿಗೆ ಸೊಪ್ಪು ಹಾಕಿ," ಎಂದಳು. ಅಪ್ಪ ಟವಲು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು. ನನ್ನ ಪಕ್ಕದಲ್ಲೇ ಹಾದುಹೋದರು.

ಸತ್ತ ಹುಳವನ್ನು ಕೈಯಿಂದ ಬಾಚಿದವರಿಗೆ ಗೊತ್ತು. ಬದುಕಿದ್ದಾಗ ಅದರ ಮೈ ತಣ್ಣಗಿನ ರೇಷ್ಮೆಯೇ. ಸತ್ತು ಅರ್ಧ ದಿನವಾದರೆ ಬೆರಳಿನ ನಡುವೆ ಒಡೆಯುತ್ತದೆ, ಕಪ್ಪು ನೀರು ಮೊಣಕೈವರೆಗೆ ಇಳಿಯುತ್ತದೆ. ಕೊಳೆತ ಮೀನಿನ ವಾಸನೆ ಸೊಪ್ಪಿನ ವಾಸನೆಯ ಜೊತೆ ಸೇರಿ ನಾಲಿಗೆಯ ಮೇಲೆ ಕೂರುತ್ತದೆ. ಹದಿನೇಳು ಬುಟ್ಟಿ. ತಿಪ್ಪೆಯ ಆಚೆ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದೆ. ನಡುವೆ ಒಂದು ಸಲ ನಾನೂ ಆ ಗುಂಡಿಗೇ ಕಕ್ಕಿದೆ. ಹುಳದ ಜೊತೆ ಅಷ್ಟರಮಟ್ಟಿಗೆ ಸಮಾನವಾದೆ.

ಉಳಿದ ಬೆಳೆ ಉಳಿಯಿತು. ಕಾರ್ಡನ್ನು ಅಮ್ಮನ ಅಪ್ಪಣೆಯಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದನದ ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟೆ. ಅದಿಲ್ಲದೆಯೂ ಡಬ್ಬ ಆನ್ ಆಯಿತು, ಎಡಿಟಿಂಗ್ ಮೆಲ್ಲಗೆ ನಡೆಯಿತು. ವಿದುರಾಶ್ವತ್ಥದ ಹತ್ತಿರ ಒಂದು ನಾಮಕರಣದಲ್ಲಿ ನನ್ನ ವಿಡಿಯೊ ಸಿದ್ಧವಾಗುವಷ್ಟರಲ್ಲಿ ಮಗು ಎರಡು ನಿದ್ದೆ ಮುಗಿಸಿತ್ತು.

"ಮಾರಿಬಿಡೋ," ಎಂದ ಗೆಳೆಯ. "ಆ ಓನರು ನಿಂಗೆ ಮಾರಿದ. ನೀನು ಇನ್ನೊಬ್ಬರಿಗೆ ಮಾರು. ಲೋಕ ನಡೆಯೋದೇ ಹಂಗೆ."

ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕಿದೆ. ಶುಚಿಯಾದ ಪೀಸ್, ಮನೆಯಲ್ಲಿ ಬಳಸಿದ್ದು ಎಂದು ಬರೆದೆ. ಎರಡು ದಿನಕ್ಕೆ ಒಬ್ಬ ಹುಡುಗಿಯ ಫೋನು ಬಂತು. ಸಾದಲಿ ಕಡೆಯವಳು, ಅನಿಮೇಷನ್ ಕಲಿಯುತ್ತಿದ್ದಾಳಂತೆ. ಮಾತು ಸ್ಪಷ್ಟ, ಪ್ರಶ್ನೆ ಖಡಕ್ಕು. ನನ್ನ ಎಳೆಯ ದನಿ ಕೇಳಿದರೆ ಯಾರೂ ನಂಬುವುದಿಲ್ಲ ಎನಿಸಿ, ಹಲೋ ಎನ್ನುವಾಗಲೇ ನಾನು ಗಂಟಲು ಬದಲಿಸಿದ್ದೆ. ನಿಧಾನದ, ನಂಬಿಕಸ್ಥ, ಎರಡು ಮಾತಿನ ನಡುವೆ ಉಸಿರು ಬಿಡುವ ಗಂಟಲು. ಅಪ್ಪನದು.

"ಸರ್, ಒಂದು ಕೇಳ್ತೀನಿ, ಬೇಜಾರಾಗ್ಬೇಡಿ," ಎಂದಳು. "ಸಿಗರೇಟು ಹೊಗೆ ಇರೋ ಕಡೆ ಇಟ್ಟಿದ್ದಲ್ಲ ತಾನೆ? ನಮ್ಮನೇಲಿ ಹುಳ ಮೇಯಿಸ್ತೀವಿ."

ಆ ಪ್ರಶ್ನೆ ಚಿಂತಾಮಣಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು.

"ಇಲ್ಲಮ್ಮ," ಎಂದೆ, ಅಪ್ಪನ ಗಂಟಲಲ್ಲಿ. "ನಮ್ಮನೇಲೂ ಹುಳ ಇವೆ. ಬೀಡಿ ಸಿಗರೇಟು ಹತ್ರಕ್ಕೂ ಸೇರ್ಸಲ್ಲ. ನಂಬಿ ತಗೊ."

ಹಿಂದೆ ಸೊಪ್ಪಿನ ಹೊರೆ ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿ ನೋಡಿದೆ. ಅಪ್ಪ ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಮ್ಮ ದನಿ ತಮ್ಮ ಮೈ ಬಿಟ್ಟು ಇನ್ನೊಂದು ಕಡೆ ನಿಂತು ಸುಳ್ಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮುಖ ಅದು. ಫೋನಿನಲ್ಲಿ ಆ ಹುಡುಗಿ, "ಸರ್? ಸರ್, ಇದ್ದೀರಾ?" ಎನ್ನುತ್ತಿದ್ದಳು. ನಾನು ಫೋನನ್ನು ಅಂಗೈಯಿಂದ ಮುಚ್ಚಿ, "ತೊಳೆದಿದ್ದೀನಪ್ಪ, ಈಗ ಅಷ್ಟು ವಾಸನೆ ಇಲ್ಲ. ಅವರು ಯಾರೋ ಏನೋ, ನಮಗೇನು," ಎಂದೆ.

ಅಪ್ಪ ಅದಕ್ಕೆ ಕೊಟ್ಟ ಉತ್ತರ ಕೇಳಿದ ಮೇಲೆ ನಾನು ಆ ಹುಡುಗಿಗೆ ನನ್ನ ಸ್ವಂತ ದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವಳು ಥೂ ಎಂದು ಫೋನಿಟ್ಟಳು, ಕಾರ್ಡು ಯಾರ ಮನೆಗೂ ಹೋಗಲಿಲ್ಲ. ಅಪ್ಪ ದನಿ ಏರಿಸಿರಲಿಲ್ಲ. ಬಿದ್ದ ಹೊರೆಯನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟು:

"ಅವರ ಮನೇಲೂ ಒಬ್ಬ ಅಪ್ಪ ಇರ್ತಾನೆ ಕಣಪ್ಪ. ನಾಳೆ ಅವನ ಬಾಯೂ ಮೂಸ್ತಾರೆ."